ಹುಣಸೆಬೀಜದಷ್ಟು

ನವೆಂಬರ್ 14, 2024, ಗುರುವಾರ

ಮಧ್ಯಾಹ್ನ ತಮ್ಮ ಬಂದಿದ್ದ. ತಟ್ಟೆ ಇಡುವ ಮೊದಲೇ ಕೇಳಿದ, "ಅಕ್ಕಾ, ಅಪ್ಪೆಮಿಡಿ ಜಾಡಿ ಎಲ್ಲಿ?"

ಅವನ ಬಿಪಿಗೆ ಹೆದರಿ ನಾಲ್ಕು ವರ್ಷದಿಂದ ಅದನ್ನು ಅಟ್ಟದ ಮೇಲೆ ಅಡಗಿಸಿಟ್ಟವಳು ನಾನೇ. "ಸುಮ್ನೆ ಮೊಸರನ್ನ ತಿನ್ನು" ಅಂದೆ. ಅವನು ನಕ್ಕು ಚೀಲದಿಂದ ಸ್ಕ್ಯಾನ್ ರಿಪೋರ್ಟ್ ತೆಗೆದ.

ಬಲಗಡೆ ಅಡ್ರಿನಲ್ ಗ್ರಂಥಿಯಲ್ಲಿ 14 ಮಿಲಿಮೀಟರ್ ಗಡ್ಡೆ. ಅಂದರೆ ಒಂದು ಹುಣಸೆಬೀಜದಷ್ಟು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಕ್ಯಾನ್ಸರಾ?"

"ಅಲ್ಲಕ್ಕಾ. ಇಂಥವು ಹೆಚ್ಚಾಗಿ ಸಾಧು ಗಡ್ಡೆಗಳಂತೆ. ಆದ್ರೆ ಇದು ಸುಮ್ನೆ ಕೂತಿಲ್ಲ."

ಆಮೇಲೆ ಅವನೇ ಬಿಡಿಸಿ ಹೇಳಿದ. ಕಿಡ್ನಿಯ ತಲೆ ಮೇಲೆ ಟೋಪಿ ಇಟ್ಟ ಹಾಗೆ ಈ ಗ್ರಂಥಿ ಇರುತ್ತದೆ. ಅಲ್ಡೋಸ್ಟಿರಾನ್ ಅನ್ನುವ ಹಾರ್ಮೋನ್ ಮಾಡುತ್ತದೆ. ಅದು ಕಿಡ್ನಿಗೆ ಉಪ್ಪು ಹಿಡಿದಿಡು, ಪೊಟ್ಯಾಸಿಯಂ ಹೊರಹಾಕು ಅನ್ನುತ್ತದೆ. ಬೇಕಾದಾಗ ಮಾತ್ರ ಮಾಡು ಅಂತ ಹೇಳುವುದಕ್ಕೆ ರೆನಿನ್ ಅನ್ನುವ ಇನ್ನೊಂದು ವಸ್ತು ರಕ್ತದಲ್ಲಿ ಇದೆ. ಗಡ್ಡೆ ಆ ಮಾತು ಕೇಳುವುದಿಲ್ಲ, ಮಾಡುತ್ತಲೇ ಇರುತ್ತದೆ. ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ, ಬಿಪಿ ಏರುತ್ತದೆ.

"ನಾನು ಉಪ್ಪು ಬಿಟ್ರೂ ಅದು ಬಿಡ್ತಿರ್ಲಿಲ್ಲ" ಅಂದ.

38 ವರ್ಷಕ್ಕೇ ದಿನಕ್ಕೆ ಮೂರು ಮಾತ್ರೆ, ಅದರಲ್ಲಿ ಒಂದು ಮೂತ್ರ ಹೋಗುವ ಮಾತ್ರೆ. ಆದರೂ ಬಿಪಿ 160ರ ಕೆಳಗೆ ಇಳಿಯುತ್ತಿರಲಿಲ್ಲ. ಮಾತ್ರೆ ತಪ್ಪಿಸುತ್ತಾನೆ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿದರೆ, ಎಣ್ಣೆ ಹಚ್ಚಿಕೋ ಅಂದೆವು. ಎಳನೀರು ಕುಡಿದರೆ ಸ್ವಲ್ಪ ಹಿತ ಅನ್ನಿಸುತ್ತದೆ ಅನ್ನುತ್ತಿದ್ದ. ಅದಕ್ಕೂ ನಕ್ಕಿದ್ದೆವು. ಪೊಟ್ಯಾಸಿಯಂ ಕಮ್ಮಿಯಾಗಿ ಬರುವ ಸೆಳೆತ ಅಂತ ಯಾರಿಗೆ ಗೊತ್ತಿತ್ತು?

ಮೂರು ವರ್ಷದ ಹಿಂದಿನ ರಿಪೋರ್ಟ್ ನನ್ನ ಫೈಲಿನಲ್ಲೇ ಇದೆ. ಪೊಟ್ಯಾಸಿಯಂ 3.1, ಕಮ್ಮಿ ಅಂತ ದಪ್ಪ ಅಕ್ಷರದಲ್ಲಿ. ಆಗ ನೋಡಿದವರು ಮೂತ್ರದ ಮಾತ್ರೆಯಿಂದ ಆಗಿದೆ ಅಂದರು. ನಾನು ಸಕ್ಕರೆ, ಕೊಲೆಸ್ಟರಾಲ್ ಎಷ್ಟಿದೆ ಅಂತ ನೋಡಿ ಫೈಲು ಮುಚ್ಚಿದ್ದೆ. ಈಗಿನ ಡಾಕ್ಟರು ಅಲ್ಡೋಸ್ಟಿರಾನ್ ಮತ್ತು ರೆನಿನ್ ಎರಡನ್ನೂ ಒಂದೇ ಸಲ ರಕ್ತದಲ್ಲಿ ನೋಡಿ, ಅನುಪಾತ ಲೆಕ್ಕ ಹಾಕಿದರಂತೆ. ಈ ಕಾಯಿಲೆ ಇದ್ದರೂ ಎಷ್ಟೋ ಜನರಿಗೆ ಪೊಟ್ಯಾಸಿಯಂ ಸರಿಯಾಗೇ ಇರುತ್ತದಂತೆ, ಆಗ ಅನುಮಾನವೇ ಬರುವುದಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲಿನಲ್ಲಿ ಓದಿದೆ. 1954ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಜೆರೋಮ್ ಕಾನ್ ಅನ್ನುವ ಡಾಕ್ಟರ ಹತ್ತಿರ 34 ವರ್ಷದ ಹೆಂಗಸೊಬ್ಬಳು ಬಂದಳಂತೆ. ಕೈಕಾಲು ಸೆಳೆತ, ಸೋಲು, ಜೊತೆಗೆ ಬಿಪಿ. ಅಡ್ರಿನಲ್‌ನಲ್ಲಿದ್ದ ಗಡ್ಡೆ ತೆಗೆದ ಮೇಲೆ ಗುಣವಾದಳು. ಅವರ ಹೆಸರೇ ಈ ಕಾಯಿಲೆಗೂ ಬಂತು. 70 ವರ್ಷದ ಹಿಂದಿನ ಮಾತು! ನನ್ನ ತಮ್ಮನೂ ಅದೇ ಸೆಳೆತ ಹೇಳಿಕೊಂಡು ಕೂಗುತ್ತಿದ್ದ.

ಮುಂದಿನ ವಾರ ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಎರಡೂ ಗ್ರಂಥಿಗಳ ರಕ್ತನಾಳದಿಂದ ರಕ್ತ ತೆಗೆಯುತ್ತಾರಂತೆ. ಸ್ಕ್ಯಾನಿನಲ್ಲಿ ಕಂಡ ಗಡ್ಡೆಯೇ ಕಳ್ಳ ಅಂತ ಖಾತ್ರಿ ಆಗಬೇಕಲ್ಲ. ಬಲಗಡೆಯ ನಾಳ ತೀರಾ ಗಿಡ್ಡ, ಸಿಗುವುದು ಕಷ್ಟ ಅಂತಲೂ ಹೇಳಿದ್ದಾರೆ. ಬಲಗಡೆಯದೇ ಅಂತಾದರೆ ಆಪರೇಷನ್. ಆಮೇಲೂ ಮಾತ್ರೆ ಪೂರ್ತಿ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಅಂದಹಾಗೆ, ಉಪ್ಪು ಈಗಲೂ ಕಮ್ಮಿಯೇ. ಜಾಡಿ ಅಟ್ಟದಲ್ಲೇ ಇರಲಿ!

ನನ್ನನ್ನು ಕೊರೆಯುತ್ತಿರುವುದು ಜಾಡಿಯಲ್ಲ. ಹೋದ ಯುಗಾದಿಗೆ ಅಮ್ಮನ ಹತ್ತಿರ ನಾನು ಹೇಳಿದ್ದು, "ಅವಳ ಅಡುಗೆ, ಅವಳ ಜಗಳ, ಇವನ ಬಿಪಿ ಏರದೆ ಇನ್ನೇನು." ಬಾಗಿಲ ಆಚೆ ತಮ್ಮನ ಹೆಂಡತಿ ಒಬ್ಬಟ್ಟು ತಟ್ಟುತ್ತಿದ್ದಳು. ಕೇಳಿಸಿಕೊಂಡಳು, ಗೊತ್ತು. ಅವತ್ತಿನಿಂದ ನಮ್ಮ ಮನೆಗೆ ಬಂದಿಲ್ಲ. ಇವತ್ತೂ ಅವನೊಬ್ಬನೇ ಬಂದಿದ್ದು.

ಫೋನ್ ಮಾಡಬೇಕು. ಏನಂತ ಶುರು ಮಾಡಲಿ? "ಊಟ ಆಯ್ತಾ" ಅಂತಲಾ? ಬೆಳಿಗ್ಗೆ ಸೊಪ್ಪಿನವಳು ಬರುವ ಮೊದಲೇ ಮಾಡಿಬಿಡಬೇಕು, ಇಲ್ಲದಿದ್ದರೆ ಮತ್ತೆ...