ವಾಪಸ್ ಬರುವಾಗಿನ ಲೋಡ್ ನೋಡಿ ಪಿಕಪ್ ಸಜ್ಜು ಮಾಡಿ

ಗಾಳದ ರಾಡು, ದಾರ ಸುತ್ತುವ ರೀಲು, ಐಸ್ ಬಾಕ್ಸ್ ತುಂಬಿಕೊಂಡು ಮೀನು ಹಿಡಿಯಲು ಪಿಕಪ್‌ನಲ್ಲಿ ದೂರದ ದಂಡೆಗೆ ಹೊರಡುವವರಿಗೆ ನಾನು ಹೇಳುವುದು ಇಷ್ಟು. ಹೋಗುವಾಗಿನ ಲೋಡ್ ನೋಡಿ ಗಾಡಿ ಸಜ್ಜು ಮಾಡಬೇಡಿ. ವಾಪಸ್ ಬರುವಾಗಿನ ಲೋಡ್ ನೋಡಿ ಮಾಡಿ. ಹೊರಡುವ ದಿನ ಎಲ್ಲ ಸಾಮಾನು ಒಣಗಿರುತ್ತದೆ, ಚೊಕ್ಕಟವಾಗಿರುತ್ತದೆ, ಹೇಗೆ ಜೋಡಿಸಿದರೂ ಕೂರುತ್ತದೆ. ವಾಪಸ್ ಬರುವಾಗ ಅದೇ ಸಾಮಾನಿಗೆ ಉಪ್ಪುನೀರು, ಮರಳು, ಮೀನಿನ ಲೋಳೆ ಹತ್ತಿರುತ್ತದೆ. ಕತ್ತಲಾಗಿರುತ್ತದೆ, ನೀವೂ ದಣಿದಿರುತ್ತೀರಿ. ಆಗ ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತುರುಕುವುದೇ ಆಗುತ್ತದೆ. ರಾಡ್ ಮುರಿಯುವುದು, ರೀಲ್ ಕೆಡುವುದು, ಗಾಡಿ ತುಕ್ಕು ಹಿಡಿಯುವುದು ಹೆಚ್ಚಾಗಿ ಈ ಹೊತ್ತಿನಿಂದಲೇ.

ಈ ಸಲ ನಾನು ಮತ್ತು ನನ್ನ ಗೆಳೆಯ ಹೋಗಿದ್ದು ಸಮುದ್ರದ ದಂಡೆಗೆ. ಮೊದಲು ಹೆದ್ದಾರಿ, ಆಮೇಲೆ ಕಲ್ಲು ಧೂಳಿನ ದಾರಿ, ಕೊನೆಗೆ ಮರಳು. ನಮ್ಮದು ನಾಲ್ಕು ಬಾಗಿಲಿನ ಡಬಲ್ ಕ್ಯಾಬ್ ಪಿಕಪ್, ಹಿಂದೆ ಸಾಮಾನು ತುಂಬುವ ಬಾಡಿಯ ಮೇಲೆ ಕ್ಯಾನೊಪಿ, ಅಂದರೆ ಗಟ್ಟಿ ಮುಚ್ಚಿಗೆ, ಇದೆ. ಹೊರಡುವ ಮೊದಲೇ ಬಾಡಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿಕೊಂಡೆವು. ಎಡಗಡೆ ಒಣ ಭಾಗ, ಬಲಗಡೆ ಒದ್ದೆ ಭಾಗ. ಹೋಗುವಾಗ ಒದ್ದೆ ಭಾಗದ ಕ್ರೇಟುಗಳು ಹೆಚ್ಚುಕಡಿಮೆ ಖಾಲಿಯೇ ಇದ್ದವು. ಖಾಲಿ ಜಾಗ ಕಂಡರೆ ಇನ್ನೊಂದು ಕುರ್ಚಿ, ಇನ್ನೊಂದು ಪೆಟ್ಟಿಗೆ ಹಾಕೋಣ ಅನಿಸುತ್ತದೆ, ಅಲ್ವಾ? ಹಾಕಬೇಡಿ. ಆ ಜಾಗ ವಾಪಸ್ ದಾರಿಗೆ ಮೀಸಲು.

ಜೋಡಿಸುವ ಮೊದಲು ತೂಕದ ಲೆಕ್ಕ ಮಾಡಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿರುವ ಸ್ಟಿಕ್ಕರ್‌ನಲ್ಲೋ ಗಾಡಿಯ ಕೈಪಿಡಿಯಲ್ಲೋ ಗಾಡಿ ಒಟ್ಟು ಎಷ್ಟು ತೂಗಬಹುದು ಎಂದು ಕೊಟ್ಟಿರುತ್ತಾರೆ. ಅದರಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಲೋಡ್. ಒಳಗೆ ಕೂರುವವರು, ಆಮೇಲೆ ಕೂರಿಸಿದ ಕ್ಯಾನೊಪಿ, ಡ್ರಾಯರ್, ಎರಡನೇ ಬ್ಯಾಟರಿ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು. 18 ಮಿ.ಮೀ. ದಪ್ಪದ ಎಂಟು ಅಡಿ ನಾಲ್ಕು ಅಡಿಯ ಒಂದು ಪ್ಲೈವುಡ್ ಹಲಗೆಯೇ 30 ಕಿಲೋ ದಾಟುತ್ತದೆ. ಡ್ರಾಯರ್ ಮಾಡಲು ಅಂಥ ಎರಡು ಹಲಗೆ ಹಾಕಿದರೆ ಒಬ್ಬ ಮನುಷ್ಯನನ್ನು ಜಾಸ್ತಿ ಕೂರಿಸಿಕೊಂಡ ಹಾಗೆಯೇ. ನೀರು ಲೀಟರಿಗೆ ಒಂದು ಕಿಲೋ. ಐಸ್, ಮೀನು ತುಂಬಿದ 60 ಲೀಟರಿನ ಡಬ್ಬವೂ ಸುಮಾರು 60 ಕಿಲೋ ಹತ್ತಿರ ಬರುತ್ತದೆ. ಹಾಗಾಗಿ ನಾವು ಡ್ರಾಯರ್‌ಗೆ 12 ಮಿ.ಮೀ. ಹಲಗೆ ಹಾಕಿದೆವು, ಒಳಗೆ ಅಡ್ಡಪಟ್ಟಿ ಕೊಟ್ಟು ಗಟ್ಟಿ ಮಾಡಿದೆವು. ಲೋಡ್ ಆದ ಮೇಲೆ ಒಮ್ಮೆ ಗಾಡಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ ಅಂದಾಜು ಹೊಡೆಯುವ ಕೆಲಸ ಇಲ್ಲ.

ತೂಕ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಭಾರದ ಸಾಮಾನು ಕೆಳಗೆ ಇರಬೇಕು, ಹಿಂದಿನ ಆಕ್ಸಲ್‌ಗಿಂತ ಮುಂದೆ, ಕ್ಯಾಬಿನ್ ಗೋಡೆಗೆ ಒತ್ತಿಕೊಂಡು ಇರಬೇಕು. ಭಾರ ಆಕ್ಸಲ್‌ನ ಹಿಂದಕ್ಕೆ ಹೋದರೆ ಗಾಡಿಯ ಮೂತಿ ಮೇಲೇಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳ ಡಬ್ಬ ಕಾಣಲು ಚಿಕ್ಕದು, ಎತ್ತಿದರೆ ಗೊತ್ತಾಗುತ್ತದೆ. ಅದನ್ನು ಡ್ರಾಯರ್‌ನ ತುದಿಗೆ ಇಡಬೇಡಿ. ಒಳಗಡೆ, ಮುಂದಕ್ಕೆ ಇಡಿ.

ಕಟ್ಟುವ ವಿಷಯಕ್ಕೆ ಯುರೋಪಿನ ಲೋಡ್ ಕಟ್ಟುವ ನಿಯಮದ ಲೆಕ್ಕ ನೆನಪಿಟ್ಟುಕೊಳ್ಳಿ. ಸಾಮಾನಿನ ತೂಕದ 80 ಶೇಕಡಾ ಬಲ ಮುಂದಕ್ಕೆ, 50 ಶೇಕಡಾ ಬಲ ಪಕ್ಕಕ್ಕೂ ಹಿಂದಕ್ಕೂ ಬಂದರೂ ಅದು ಜಾಗ ಬಿಟ್ಟು ಕದಲಬಾರದು. 60 ಕಿಲೋದ ಐಸ್ ಬಾಕ್ಸ್ ಗಟ್ಟಿ ಬ್ರೇಕ್ ಹಾಕಿದಾಗ 48 ಕಿಲೋ ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದಾಯಿತು. ರಬ್ಬರಿನ ಇಲಾಸ್ಟಿಕ್ ಹಗ್ಗ ಇದನ್ನು ತಡೆಯುವುದಿಲ್ಲ. ಅದು ಟಾರ್ಪಾಲು ಹಾರದಂತೆ ಹಿಡಿಯಲು ಸರಿ. ಭಾರಕ್ಕೆ ಹಲ್ಲಿನ ಚಕ್ರದಿಂದ ಬಿಗಿಯುವ ರ‍್ಯಾಚೆಟ್ ಬೆಲ್ಟೇ ಬೇಕು, ಅದೂ ಗಾಡಿಯ ಬಾಡಿಯಲ್ಲಿ ಬೋಲ್ಟ್ ಆಗಿರುವ ಕೊಂಡಿಗೆ. ಕಚ್ಚಾ ದಾರಿ ಶುರುವಾಗಿ ಸ್ವಲ್ಪ ದೂರ ಹೋದ ಮೇಲೆ ಇಳಿದು ಎಲ್ಲ ಬೆಲ್ಟ್ ಇನ್ನೊಮ್ಮೆ ಬಿಗಿ ಮಾಡಿ. ಕುಲುಕಿಗೆ ಸಾಮಾನು ಕೂತು ಬೆಲ್ಟ್ ಸಡಿಲ ಆಗಿರುತ್ತದೆ.

ಇನ್ನು ರಾಡು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಡುವುದು ಇದೇ. ಏಳಡಿಯ ಒಂದೇ ತುಂಡಿನ ರಾಡ್ ಎಂದರೆ 2.1 ಮೀಟರ್. ದಂಡೆಯಿಂದ ದೂರ ಎಸೆಯುವ 13 ಅಡಿಯ ರಾಡ್ ಎರಡು ತುಂಡಾದರೂ ಒಂದೊಂದು ತುಂಡು 2 ಮೀಟರ್. ಡಬಲ್ ಕ್ಯಾಬ್ ಗಾಡಿಯ ಬಾಡಿ ಸುಮಾರು ಒಂದೂವರೆ ಮೀಟರ್ ಉದ್ದ. ಓರೆಯಾಗಿ ಇಟ್ಟರೆ ಹೇಗೋ ಹಿಡಿಸಬಹುದು, ಆದರೆ ಆಗ ಉಳಿದ ಸಾಮಾನೆಲ್ಲ ರಾಡಿನ ಮೇಲೋ ಕೆಳಗೋ ಬರುತ್ತದೆ. ಹಿಂಬಾಗಿಲ ಮೇಲೆ ಒರಗಿಸಿ ತುದಿ ಹೊರಗೆ ಬಿಟ್ಟುಕೊಂಡು ಹೋಗುವವರನ್ನು ನೋಡಿದ್ದೇನೆ. ಕಾರ್ಬನ್ ರಾಡಿಗೆ ಅದು ಒಳ್ಳೆಯದಲ್ಲ. ಬಾಡಿಯ ಅಂಚಿಗೆ ಬಡಿದು ಬಡಿದು ಒಳಗಿನ ಎಳೆಗಳಿಗೆ ಪೆಟ್ಟಾಗುತ್ತದೆ. ಮೇಲೆ ಒಂದು ಗೀರೂ ಕಾಣದಿರಬಹುದು. ದೊಡ್ಡ ಮೀನು ಎಳೆದ ದಿನ ಅದೇ ಜಾಗದಲ್ಲಿ ಟಪ್ ಅಂತ ಮುರಿಯುತ್ತದೆ.

ನಾವು ಮಾಡಿದ್ದು ಹೀಗೆ. ಕ್ಯಾನೊಪಿ ಮೇಲಿನ ರ‍್ಯಾಕ್‌ಗೆ ನಾಲ್ಕು ಇಂಚಿನ ಪಿವಿಸಿ ಪೈಪು ಕೂರಿಸಿದೆವು. ಮುಂದಿನ ತುದಿ ಮುಚ್ಚಿದೆ, ಹಿಂದಿನ ತುದಿಗೆ ತಿರುಗಿಸುವ ಮುಚ್ಚಳ. ಪೈಪನ್ನು ಒಂಚೂರು ಹಿಂದಕ್ಕೆ ಇಳಿಜಾರಾಗಿ ಕಟ್ಟಿ, ಮುಚ್ಚಳದ ಹತ್ತಿರ ಅಡಿಯಲ್ಲಿ ಚಿಕ್ಕ ತೂತು ಕೊರೆದರೆ ಒಳಗೆ ಹೋದ ನೀರು ತಾನೇ ಇಳಿದು ಹೋಗುತ್ತದೆ. ಪೈಪು ಮಧ್ಯೆ ಬಾಗುತ್ತದೆ, ಆದ್ದರಿಂದ ಎರಡು ಕಡೆ ಹಿಡಿತ ಸಾಲದು, ಮೂರು ಕಡೆ ಬೇಕು. ಬಿಸಿಲಿಗೆ ಪಿವಿಸಿ ವರ್ಷಗಳಲ್ಲಿ ಪೆಡಸಾಗುತ್ತದೆ, ಹೊರಗೆ ಬಣ್ಣ ಬಳಿಯಿರಿ. ರಾಡಿಗೆ ಬಟ್ಟೆಯ ಚೀಲ ಹಾಕಿ, ಪೈಪಿನ ಮುಂದಿನ ತುದಿಯೊಳಗೆ ಫೋಮ್ ತುಂಡು ತುಂಬಿ. ಒಂದು ಪೈಪಿಗೆ ಎರಡೇ ರಾಡು. ಮೂರನೆಯದೂ ಹಿಡಿಸುತ್ತದೆ, ಆದರೆ ಆಗ ಒಂದರ ರಿಂಗ್ (ದಾರ ಹಾಯುವ ಬಳೆ) ಇನ್ನೊಂದರ ಮೈ ಉಜ್ಜುತ್ತದೆ. ಮೇಲಿನ ರ‍್ಯಾಕ್‌ಗೂ ಓಡುವಾಗ ಇಷ್ಟೇ ತೂಕ ಎಂಬ ಮಿತಿ ಇದೆ. ಪೈಪು, ರಾಡು ಬಿಟ್ಟು ಬೇರೆ ಭಾರ ಅಲ್ಲಿಗೆ ಏರಿಸಬೇಡಿ.

ರೀಲುಗಳನ್ನು ಬಿಚ್ಚಿ, ಮೆತ್ತನೆ ಚೀಲಕ್ಕೆ ಹಾಕಿ ಕ್ಯಾಬಿನ್ ಒಳಗೇ ಒಯ್ದೆವು. ದಂಡೆಯಲ್ಲಿ ಮತ್ತೆ ಕೂರಿಸಿ ದಾರ ಪೋಣಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಧೂಳು ರೀಲಿನೊಳಗೆ ಹೋಗುವುದಕ್ಕಿಂತ ಅದೇ ವಾಸಿ. ಒಯ್ಯುವಾಗ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ಹಿಡಿದು ಹಿಡಿದು ಬಿಡುವ ರೀಲಿನ ಬ್ರೇಕು, ಸಡಿಲ ಬಿಡಿ. ಬಿಗಿ ಇಟ್ಟರೆ ಒಳಗಿನ ವಾಷರುಗಳು ಒತ್ತಿಕೊಂಡೇ ಇದ್ದು ಆಮೇಲೆ ದಾರ ಬಿಡುವಾಗ ಎಳೆದೆಳೆದು ಬಿಡುತ್ತವೆ.

ಕಚ್ಚಾ ದಾರಿ ಮುಗಿದ ಮೇಲೆ ರಾಡಿನ ಪ್ರತಿ ರಿಂಗ್ ಒಳಗೂ ಒಂದು ಹತ್ತಿ ಕಡ್ಡಿ ಆಡಿಸಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಒಳಗಿನ ಸೆರಾಮಿಕ್ ಸೀಳಿದೆ ಎಂದರ್ಥ. ಅಂಥ ರಿಂಗ್ ದಾರವನ್ನು ಬ್ಲೇಡಿನ ಹಾಗೆ ಕೊಯ್ಯುತ್ತದೆ. ದಂಡೆಯಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗಲು ಮಾತ್ರ ಹಿಂಬಾಗಿಲ ಪಕ್ಕದಲ್ಲಿ ರಾಡ್ ನಿಲ್ಲಿಸುವ ಕೊಳವೆ ಇಟ್ಟಿದ್ದೇವೆ. ರಾಡ್ ನಿಲ್ಲಿಸಿಕೊಂಡು ರಸ್ತೆಗೆ ಹತ್ತಬೇಡಿ. ಮರದ ಕೊಂಬೆ ಮಾತ್ರವಲ್ಲ, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಮೇಲಿನ ತಂತಿಗೆ ತಾಗಿದರೆ ಜೀವಕ್ಕೇ ಅಪಾಯ. ಗುಡುಗು ಮಿಂಚು ಶುರುವಾದರೂ ರಾಡ್ ಮಲಗಿಸಿ ಗಾಡಿಯೊಳಗೆ ಕೂತುಬಿಡಿ.

ಒಣ ಭಾಗದಲ್ಲಿ ಎರಡು ಡ್ರಾಯರ್. ಬಾಲ್ ಬೇರಿಂಗ್ ಇರುವ ಕಬ್ಬಿಣದ ಸ್ಲೈಡ್ ಅಂಗಡಿಯಲ್ಲಿ ಚೆನ್ನಾಗಿ ಜಾರುತ್ತದೆ, ಮರಳು ಹೊಕ್ಕ ಮೇಲೆ ಕಚ್ಚಿಕೊಳ್ಳುತ್ತದೆ. ನುಣುಪಾದ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಾರುವ ಡ್ರಾಯರ್ ನನಗೆ ಇಷ್ಟ. ಸ್ವಲ್ಪ ಬಿಗಿ ಎಳೆಯಬೇಕು, ಆದರೆ ಒರೆಸಿದರೆ ಆಯ್ತು. ಚಿಲಕ ಮಾತ್ರ ಇರಲೇಬೇಕು. ಮೇಲಿನ ಡ್ರಾಯರ್‌ನಲ್ಲಿ ಕತ್ತರಿ, ಇಕ್ಕಳ, ಹೆಡ್‌ಲ್ಯಾಂಪ್, ದಾರದ ಉಂಡೆ. ಅಂದರೆ ಗಾಡಿ ನಿಂತ ಕೂಡಲೇ ಕೈ ಹೋಗುವ ಸಾಮಾನು. ರಬ್ಬರಿನಂಥ ಮೆತ್ತನೆ ನಕಲಿ ಎರೆಗಳನ್ನು, ಅಂದರೆ ಲ್ಯೂರ್‌ಗಳನ್ನು ಅವು ಬಂದ ಪೊಟ್ಟಣದಲ್ಲೇ ಬಿಡಿ. ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್ ಒಟ್ಟಿಗೆ ಬಿಸಿಯಾದರೆ ಕರಗಿ ಅಂಟಾಗುತ್ತದೆ. ನೈಲಾನ್ ದಾರಕ್ಕೂ ಬಿಸಿಲು ಆಗದು, ಹಾಗಾಗಿ ಡ್ಯಾಶ್‌ಬೋರ್ಡ್ ಮೇಲೆ ಏನನ್ನೂ ಇಡಬೇಡಿ.

ಒದ್ದೆ ಭಾಗದಲ್ಲಿ ತೂತಿರುವ ಪ್ಲಾಸ್ಟಿಕ್ ಕ್ರೇಟುಗಳು, ಅವುಗಳ ಮುಂದೆ, ಕ್ಯಾಬಿನ್ ಗೋಡೆಗೆ, ಐಸ್ ಬಾಕ್ಸ್. ಹಿಂಬಾಗಿಲ ಹತ್ತಿರ ಇಟ್ಟರೆ ತೆಗೆಯಲು ಸುಲಭ, ನಿಜ. ಆದರೆ ಭಾರ ಹಿಂದಕ್ಕೆ ಹೋಗುತ್ತದಲ್ಲ! ಅದಕ್ಕೇ ಪಕ್ಕದಲ್ಲಿ ಕಿಟಕಿ ತೆರೆಯುವ ಕ್ಯಾನೊಪಿ ತೆಗೆದುಕೊಳ್ಳಿ ಎನ್ನುವುದು. ಐಸ್ ಬಾಕ್ಸಿನ ನಲ್ಲಿಗೆ ಒಂದು ರಬ್ಬರ್ ಟ್ಯೂಬ್ ಹಾಕಿ, ಬಾಡಿಯ ತಳದ ತೂತಿನಿಂದ ಹೊರಗೆ ಇಳಿಸಿದ್ದೇವೆ. ಗಾಡಿ ನಿಲ್ಲಿಸಿದಾಗ ನಲ್ಲಿ ತಿರುಗಿಸಿದರೆ ಸಾಕು, ಬಾಡಿಯೊಳಗೆ ಹನಿ ಬೀಳುವುದಿಲ್ಲ. ಐಸ್ ಮೀನಿನ ತೂಕದಷ್ಟಾದರೂ ಬೇಕು, ಬಿಸಿಲು ಜಾಸ್ತಿ ಇದ್ದರೆ ಎರಡರಷ್ಟು. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಪುಡಿ ಬೇಗ ತಣಿಸುತ್ತದೆ. ಗಡ್ಡೆ ಒಯ್ದು ಅಲ್ಲೇ ಒಡೆದುಕೊಳ್ಳುವುದು ನಮ್ಮ ಪದ್ಧತಿ. ಜೀವಂತ ಎರೆ ಒಯ್ಯುವವರು ನೀರು ಬಿಸಿಯಾಗದಂತೆ ನೋಡಿಕೊಳ್ಳಿ. 20 ಡಿಗ್ರಿ ಸಿಹಿನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಉಪ್ಪುನೀರು ಅದಕ್ಕಿಂತಲೂ ಕಡಿಮೆ ಹಿಡಿಯುತ್ತದೆ.

ಬಾಡಿಯ ತಳಕ್ಕೆ ಪ್ಲಾಸ್ಟಿಕ್ ಲೈನರ್ ಇಟ್ಟಿರುವವರು ಅದನ್ನು ಆಗಾಗ ಎತ್ತಿ ತೊಳೆಯಿರಿ. ಅದರಡಿ ಉಪ್ಪು ಮರಳು ಸೇರಿ ತುಕ್ಕು ತಿನ್ನುತ್ತದೆ. ಸಿಂಪಡಿಸಿ ಅಂಟಿಸುವ ಲೈನರ್‌ಗೆ ಈ ಕಾಟ ಕಡಿಮೆ. ದೋಣಿಯ ಎಂಜಿನ್‌ಗೆ ಪೆಟ್ರೋಲ್ ಒಯ್ಯುವುದಾದರೆ ಕ್ಯಾನನ್ನು ನೆಲಕ್ಕಿಳಿಸಿಯೇ ತುಂಬಿಸಿ. ಪ್ಲಾಸ್ಟಿಕ್ ಲೈನರ್ ಮೇಲೆ ಇಟ್ಟು ತುಂಬಿಸಿದರೆ ಸ್ಥಾಯಿ ವಿದ್ಯುತ್ತಿನ ಕಿಡಿಗೆ ಬೆಂಕಿ ಹತ್ತಬಹುದು.

ಲೈಟು ಚಿಕ್ಕ ವಿಷಯ. ಎರಡನೇ ಬ್ಯಾಟರಿಯಿಂದ ಬಾಡಿಯೊಳಗೆ ಒಂದು ಬಿಳಿ, ಒಂದು ಕೆಂಪು ಎಲ್‌ಇಡಿ ಪಟ್ಟಿ ಎಳೆದಿದ್ದೇವೆ. ಕೆಂಪು ಬೆಳಕಿನಲ್ಲಿ ಕಣ್ಣು ಕತ್ತಲಿನ ರೂಢಿ ಬಿಡುವುದಿಲ್ಲ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಲೈಟಿನ ಹತ್ತಿರ ಅಲ್ಲ. ಮಧ್ಯೆ ವಯರ್ ಉಜ್ಜಿ ಶಾರ್ಟ್ ಆದರೆ ಆಗಲೇ ಅದು ಕಾಪಾಡುವುದು.

ಮರಳಿಗೆ ಇಳಿಯುವ ಮೊದಲು ಟೈರಿನ ಗಾಳಿ ಇಳಿಸಿ. ಟಾರಿನ ಮೇಲೆ 35 ಪಿಎಸ್‌ಐ ಇದ್ದರೆ ಮೃದು ಮರಳಿಗೆ 18ರಿಂದ 20. ಟೈರ್ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಆಮೇಲೆ ನಿಧಾನ ಓಡಿಸಿ, ತಟ್ಟನೆ ತಿರುಗಿಸಬೇಡಿ, ಟೈರ್ ರಿಮ್ ಬಿಟ್ಟು ಬರಬಹುದು. ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಇಳಿದು ಅಗೆಯಿರಿ. ಸಲಿಕೆ, ಟೈರಿನಡಿ ಕೊಡುವ ಹಲಗೆ, ಗಾಳಿ ತುಂಬುವ ಕಂಪ್ರೆಸರ್ ಈ ಮೂರನ್ನು ಬೇರೆ ಸಾಮಾನಿನಡಿ ಹೂಳದೆ ಹಿಂಬಾಗಿಲ ಹತ್ತಿರವೇ ಇಡಿ. ಟ್ರೈಲರ್ ಕಟ್ಟುವ ಉರುಟು ಗುಂಡಿನ ಸುತ್ತ ಹಗ್ಗ ಹಾಕಿ ಇನ್ನೊಂದು ಗಾಡಿಯಿಂದ ಎಳೆಸಬೇಡಿ. ಅದು ಕಿತ್ತು ಹಾರಿ ಜನ ಸತ್ತಿದ್ದಾರೆ. ಎಳೆಯಲೆಂದೇ ಚಾಸಿಗೆ ಕೂರಿಸಿದ ಕೊಂಡಿ ಬೇರೆ ಇರುತ್ತದೆ. ಗಾಡಿ ನಿಲ್ಲಿಸುವುದು ಹಿಂದಿನ ಭರತ (ಉಬ್ಬರ) ಬಿಟ್ಟುಹೋದ ಕಸದ ಗೆರೆಗಿಂತ ಸಾಕಷ್ಟು ಮೇಲೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಇನ್ನೂ ಮೇಲೆ ಬರುತ್ತದೆ.

ದಂಡೆಯಿಂದ ವಾಪಸ್ ಹೊರಡುವಾಗ ನಮ್ಮ ವಿಂಗಡಣೆ ಕೆಲಸಕ್ಕೆ ಬಂತು. ಉಪ್ಪುನೀರು ಮುಟ್ಟಿದ ಲ್ಯೂರ್, ಗಾಳ ಯಾವುದೂ ಡ್ರಾಯರ್‌ಗೆ ವಾಪಸ್ ಹೋಗಲಿಲ್ಲ. ಅವಕ್ಕೆಂದೇ ಖಾಲಿ ಡಬ್ಬ ಒಂದಿತ್ತು. ತುಕ್ಕು ಹಿಡಿದ ಒಂದು ಗಾಳ ಡಬ್ಬದಲ್ಲಿರುವ ಉಳಿದವಕ್ಕೂ ತುಕ್ಕು ಹತ್ತಿಸುತ್ತದೆ. ಬೂಟು, ಬಲೆ, ಬಟ್ಟೆ ಕ್ರೇಟುಗಳಿಗೆ. ಐಸ್ ಬಾಕ್ಸಿನ ನೀರು ಬಸಿದು, ಮೀನಿನ ಮೇಲೆ ಉಳಿದ ಐಸ್ ಹರಡಿದೆವು. ನೀರು ಬಿಟ್ಟರೆ ದಾರಿಯುದ್ದಕ್ಕೂ ಅದು ಅತ್ತಿತ್ತ ಹೊಡೆದು ಮೀನು ಜಜ್ಜಿಹೋಗುತ್ತದೆ. ಟಾರು ರಸ್ತೆ ಸಿಗುವ ಮೊದಲು ಟೈರಿಗೆ ಮತ್ತೆ ಪೂರ್ತಿ ಗಾಳಿ ಹಾಕಿಸಿಕೊಂಡೆವು.

ಮನೆ ತಲುಪಿದ ರಾತ್ರಿಯೇ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಬಿಡಿ. ಲೀಫ್ ಸ್ಪ್ರಿಂಗ್ ಪಟ್ಟಿಗಳ ನಡುವೆ, ಚಾಸಿಯ ಒಳಗೆ, ಬ್ರೇಕ್ ಪೈಪಿನ ಹತ್ತಿರ ಚೆನ್ನಾಗಿ ಹರಿಯಲಿ. ರೀಲಿಗೆ ಮಾತ್ರ ಜೋರು ನೀರು ಹೊಡೆಯಬೇಡಿ, ಉಪ್ಪು ಬೇರಿಂಗ್ ಒಳಗೇ ನುಗ್ಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ಮಳೆ ಹನಿಯಷ್ಟು ಮೆಲ್ಲಗೆ ನೀರು ಬಿಟ್ಟು, ಒರೆಸಿ, ಮತ್ತೆ ಡ್ರ್ಯಾಗ್ ಸಡಿಲಿಸಿ. ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುವವರು ಕ್ರೇಟು, ಬೂಟು, ಎರೆಯ ಡಬ್ಬ ತೊಳೆದು ಪೂರ್ತಿ ಒಣಗಿಸಿಯೇ ಒಯ್ಯಿರಿ. ಕಣ್ಣಿಗೆ ಕಾಣದ ಮರಿ, ಬೀಜ ಒದ್ದೆಯಲ್ಲೇ ಸಾಗಿ ಹೊಸ ನೀರನ್ನು ಕೆಡಿಸುತ್ತವೆ. ಪೈಪಿನ ಮುಚ್ಚಳ ತೆಗೆದಿಡಿ, ರಾಡುಗಳನ್ನು ಚೀಲದಿಂದ ಹೊರಗೆ ತೆಗೆದು ನೆರಳಲ್ಲಿ ಒಣಗಲು ಬಿಡಿ. ರ‍್ಯಾಚೆಟ್ ಬೆಲ್ಟುಗಳನ್ನೂ ಸಿಹಿನೀರಲ್ಲಿ ಅದ್ದಿ ತೆಗೆಯಿರಿ. ನೇಯ್ಗೆಯಲ್ಲಿ ಕೊಯ್ದ ಗುರುತು ಕಂಡ ಬೆಲ್ಟನ್ನು ಅಲ್ಲೇ ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ಮುಂದಿನ ಸಲ ಅದೇ ಮತ್ತೆ ಗಾಡಿಗೆ ಹತ್ತುತ್ತದೆ.