ಪೊಟೊಸಿ ಬೆಟ್ಟ ಬಿಟ್ಟು ಮುಂದೆ ಹೋಗಲಾಗುತ್ತಿಲ್ಲ

ಸ್ಪ್ಯಾನಿಷ್ ನಾಡುಗಳ ಇತಿಹಾಸ ಓದುವ ನನ್ನ ಹವ್ಯಾಸ ಈ ತಿಂಗಳು ಒಂದೇ ಊರಲ್ಲಿ ನಿಂತಿದೆ: ಬೊಲಿವಿಯಾದ ಪೊಟೊಸಿ. ಅಂದುಕೊಂಡ ಪ್ರಕಾರ ಈ ಹೊತ್ತಿಗೆ ಮೆಕ್ಸಿಕೊ ಸ್ವಾತಂತ್ರ್ಯಕ್ಕೆ ಬಂದಿರಬೇಕಿತ್ತು. ಇರಲಿ ಬಿಡಿ, ನನಗೇನು ಪರೀಕ್ಷೆ ಇದೆಯಾ?

ಸುಮಾರು 4,000 ಮೀಟರ್ ಎತ್ತರದ ಊರು. ಮಗ್ಗುಲಲ್ಲೇ ಸೆರ್ರೊ ರಿಕೊ ಬೆಟ್ಟ. 1545ರಿಂದ ಅಲ್ಲಿ ಬೆಳ್ಳಿ ಅಗೆಯುತ್ತಾ ಬಂದಿದ್ದಾರೆ. 1570ರ ದಶಕದಲ್ಲಿ ಸ್ಪೇನಿನ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ, ಮುಂಚೆ ಅಲ್ಲಿ ಆಳಿದ್ದ ಇಂಕಾಗಳ ಕಾಲದ ಸರದಿ ದುಡಿಮೆಯನ್ನು ಗಣಿಗೆ ತಂದ. ಹೆಸರು ಮಿತಾ. ಸುತ್ತಲಿನ ಪ್ರಾಂತ್ಯಗಳ ದುಡಿಯುವ ಗಂಡಸರಲ್ಲಿ ಏಳಕ್ಕೊಬ್ಬ ಒಂದು ವರ್ಷದ ಮಟ್ಟಿಗೆ ಗಣಿಗೆ ಹೋಗಬೇಕು. ಹೆಂಡತಿ, ಮಕ್ಕಳು, ಹೊರೆ ಹೊರುವ ಲಾಮಾ ಪ್ರಾಣಿಗಳನ್ನು ಕಟ್ಟಿಕೊಂಡು ನೂರಾರು ಮೈಲಿ ನಡೆದು ಬರುತ್ತಿದ್ದರು.

ಅದಿರಿನಿಂದ ಬೆಳ್ಳಿ ತೆಗೆಯುವ ಕೆಲಸವನ್ನು ಬಿಡಿಸಿ ಬಿಡಿಸಿ ಓದಿದೆ. ನೀರಿನಿಂದ ಓಡುವ ಗಿರಣಿಯಲ್ಲಿ ಅದಿರನ್ನು ಕುಟ್ಟಿ ಪುಡಿ ಮಾಡುತ್ತಾರೆ. ಉಪ್ಪು, ಪಾದರಸ, ನೀರು ಬೆರೆಸುತ್ತಾರೆ. ಆ ಕೆಸರನ್ನು ಆಳುಗಳು ಬರಿಗಾಲಲ್ಲಿ ತುಳಿಯುತ್ತಾರೆ. ಪಾದರಸ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ತೊಳೆದು, ಬಟ್ಟೆಯಲ್ಲಿ ಹಿಂಡಿ, ಕೊನೆಗೆ ಕಾಯಿಸಿದರೆ ಪಾದರಸ ಹೊಗೆಯಾಗಿ ಹೋಗುತ್ತದೆ, ಬೆಳ್ಳಿ ಉಳಿಯುತ್ತದೆ. ಹೊಗೆ ಹೋಗುತ್ತಿದ್ದುದು ಪಕ್ಕದಲ್ಲಿ ನಿಂತವರ ಎದೆಯೊಳಗೆ. ಇದನ್ನು ಓದಿದ ಮೇಲೆ ರಾಜರ ವಂಶಾವಳಿ ಬರೆದಿಟ್ಟ ನನ್ನ ಪುಟಗಳು ಸಪ್ಪೆ ಅನ್ನಿಸಿದವು.

ಬೆಳ್ಳಿಯ ದಾರಿಯನ್ನು ನಕ್ಷೆಯ ಮೇಲೆ ಕೆಂಪು ಪೆನ್ನಲ್ಲಿ ಎಳೆದೆ. ಲಾಮಾಗಳ ಬೆನ್ನ ಮೇಲೆ ಅರಿಕಾ ಬಂದರು, ಅಲ್ಲಿಂದ ಹಡಗಲ್ಲಿ ಪೆರುವಿನ ಕಲ್ಯಾವೊ, ಆಮೇಲೆ ಪನಾಮಾ, ಕಡೆಗೆ ಸ್ಪೇನಿನ ಸೆವಿಲ್ಯಾ. ಐದನೇ ಒಂದು ಪಾಲು ರಾಜನಿಗೆ. ಆದರೂ ಸ್ಪೇನಿನ ರಾಜ ಎರಡನೇ ಫಿಲಿಪ್ 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿದ! ಯುದ್ಧದ ಖರ್ಚು, ಜಿನೋವಾ ಸಾಹುಕಾರರ ಬಡ್ಡಿ. ಬಂದ ಬೆಳ್ಳಿಗಿಂತ ಸಾಲವೇ ಜಾಸ್ತಿ ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಎಲ್ ತಿಯೊ. ಗಣಿಯೊಳಗೆ ಕೂತ ಕೊಂಬಿನ ದೈವ. ಇವತ್ತಿಗೂ ಗಣಿ ಕೆಲಸಗಾರರು ಅವನ ಬಾಯಿಗೆ ಸಿಗರೇಟು ಇಡುತ್ತಾರೆ, ಕೋಕಾ ಎಲೆ ಹಾಕುತ್ತಾರೆ, ಮದ್ಯ ಚಿಮುಕಿಸುತ್ತಾರೆ. ಹೊರಗೆ ಬಂದರೆ ಅವರೇ ಚರ್ಚಿಗೆ ಹೋಗುತ್ತಾರೆ. ಗುಡಿಯ ದೇವರಿಗೆ ಹೂವು, ಊರ ಗಡಿಯ ಮಾರಿಗೆ ಕೋಳಿ ಕೊಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಓದು ಪೆರುವಿನ ಉವಾಂಕವೆಲಿಕಾ. ಪೊಟೊಸಿಗೆ ಪಾದರಸ ಕಳಿಸುತ್ತಿದ್ದ ಗಣಿ ಅಲ್ಲಿತ್ತು. ಅದನ್ನು ಸಾವಿನ ಗಣಿ ಎಂದೇ ಕರೆಯುತ್ತಿದ್ದರಂತೆ.