ಗ್ಲಾಸ್ ಎಲ್ಲಿ ಸಾರ್?

ಇಲ್ಲ. ದುಡ್ಡು ಸಾಲದೆ ಬಿಟ್ಟಿದ್ದಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳುವವರಲ್ಲಿ ಮುಕ್ಕಾಲು ಪಾಲು ಜನರ ಮುಖದಲ್ಲಿ ಇರುವ ಅನುಮಾನ ಇದೇ. ನಾನು ಮನೆಯ ಹಿಂದಿನ ಶೆಡ್‌ನಲ್ಲಿ ಕೈಯಾರೆ ಒಂದು ಸಣ್ಣ ಸ್ಪೋರ್ಟ್ಸ್ ಕಾರು ಮಾಡಿಕೊಂಡಿದ್ದೇನೆ. ಎರಡು ಸೀಟು. ಬಾಗಿಲಿಲ್ಲ, ಟಾಪ್ ಇಲ್ಲ, ಮುಂದಿನ ಗ್ಲಾಸೂ ಇಲ್ಲ. ಬಾಗಿಲು ಯಾಕಿಲ್ಲ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಟಾಪ್ ಬಗ್ಗೆಯೂ ಕೇಳಿಲ್ಲ. ಎಲ್ಲರ ಕಣ್ಣೂ ಹೋಗೋದು ಆ ಇಲ್ಲದ ಗ್ಲಾಸಿನ ಮೇಲೆ.

ಕೇಳುವ ರೀತಿ ಬೇರೆ ಬೇರೆ. ಟೆಂಪೋ ಮೇಲೆ ಹೇರಿಕೊಂಡು ಹೋಗುವಾಗ ಟೀ ಅಂಗಡಿ ಮುಂದೆ ನಿಲ್ಲಿಸಿದರೆ, "ಗ್ಲಾಸ್ ಎಲ್ಲಿ ಸಾರ್, ಒಡೆದೋಯ್ತಾ?" ಅಂತಾರೆ. ಇದು ಪರವಾಗಿಲ್ಲ. ಕೆಲವರು ಕೇಳೋದೂ ಇಲ್ಲ, "ಪಾಪ" ಅಂತಾರೆ. ನನಗೆ ನಿಜಕ್ಕೂ ಉರಿಯೋದು ನೆಂಟರ ಪ್ರಶ್ನೆ. "ಎಲ್ಲಾ ಆಯ್ತು, ಇನ್ನು ಗ್ಲಾಸ್ ಒಂದು ಬಾಕಿ ಅಲ್ವಾ?" ಮದುವೆಯಾದವರನ್ನು ಹಿಡಿದು "ಇನ್ನು ಮಗು ಒಂದು ಬಾಕಿ ಅಲ್ವಾ" ಅಂತ ಕೇಳುವ ಅದೇ ದನಿ. ಬಾಕಿ ಏನೂ ಇಲ್ಲ ಮಾವ. ಗಾಡಿ ಮುಗಿದಿದೆ. ಅದು ಇರೋದೇ ಹೀಗೆ.

2018ರಲ್ಲಿ ಫೆರಾರಿ ಕಂಪನಿ ಮೊನ್ಝಾ ಎಸ್‌ಪಿ1 ಅಂತ ಒಂದು ಕಾರು ಮಾಡಿತು. ಕೋಟಿಗಟ್ಟಲೆ ಬೆಲೆ. ಅದಕ್ಕೆ ವಿಂಡ್‌ಸ್ಕ್ರೀನ್ ಇಲ್ಲ. ಆಮೇಲೆ ಮೆಕ್ಲಾರೆನ್ ಎಲ್ವಾ ಬಂತು. ಅದಕ್ಕೂ ಇಲ್ಲ. ಮೂತಿಯಿಂದ ಒಳಗೆ ಬಂದ ಗಾಳಿಯನ್ನು ಬಾನೆಟ್ ಮೇಲಿಂದ ಜೋರಾಗಿ ಹೊರಗೆ ಬಿಟ್ಟು, ಎದುರಿನ ಗಾಳಿಯನ್ನೇ ತಲೆ ಮೇಲಕ್ಕೆ ತಳ್ಳುವ ಏರ್ಪಾಡು ಅದರಲ್ಲಿದೆ. ಆ ಕಾರು ಕೊಂಡವರನ್ನು ಯಾರಾದರೂ "ಪಾಪ" ಅಂದಿರ್ತಾರಾ? (ಗ್ಲಾಸ್ ಇರುವ ಎಲ್ವಾನೂ ಆಮೇಲೆ ಬಂತು. ಅದನ್ನು ನೀವು ಹುಡುಕಿ ನನಗೆ ಹೇಳುವ ಮೊದಲು ನಾನೇ ಹೇಳಿದೆ.)

ನನ್ನದು ಫೆರಾರಿ ಅಲ್ಲ. ಅಪಘಾತವಾಗಿ ಗುಜರಿಗೆ ಬಂದಿದ್ದ ಒಂದು ಮಾರುತಿ ಓಮ್ನಿ. ಮಾರುತಿ 800ಕ್ಕೂ ಓಮ್ನಿಗೂ ಇಂಜಿನ್ ಒಂದೇ, 796 ಸಿಸಿ, ಮೂರು ಸಿಲಿಂಡರ್. ಆದರೆ 800ರಲ್ಲಿ ಮುಂದಿನ ಚಕ್ರ ಎಳೆಯುತ್ತದೆ, ಓಮ್ನಿಯಲ್ಲಿ ಹಿಂದಿನ ಚಕ್ರ ತಳ್ಳುತ್ತದೆ. ನನಗೆ ಬೇಕಾಗಿದ್ದು ತಳ್ಳುವ ಗಾಡಿ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಬಿಚ್ಚಿಕೊಂಡೆ. ಒಂದಿಂಚಿನ ಸ್ಕ್ವೇರ್ ಪೈಪಿನಲ್ಲಿ ಚಾಸಿ ಕಟ್ಟಿದೆ. ಮಾದರಿ ಲೋಟಸ್ ಸೆವೆನ್‌ದು. 1957ರಲ್ಲಿ, ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ತಂದ ಕಾರು ಅದು. ಬಿಡಿ ಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗಿನ ಇಂಗ್ಲೆಂಡಿನಲ್ಲಿ ತೆರಿಗೆ ಉಳಿಯುತ್ತಿತ್ತು. ಆ ಕಾಲದಿಂದ ಇಲ್ಲಿಯವರೆಗೆ ಪ್ರಪಂಚದ ಎಷ್ಟೋ ಶೆಡ್‌ಗಳಲ್ಲಿ ನನ್ನಂಥವರು ಅದೇ ಆಕಾರವನ್ನು ವೆಲ್ಡ್ ಮಾಡುತ್ತಾ ಕೂತಿದ್ದಾರೆ.

ಇನ್ನು ಕಾನೂನು. ಹೌದು, ರಸ್ತೆಗೆ ಇಳಿಯುವ ಕಾರಿಗೆ ನಮ್ಮಲ್ಲಿ ಸೇಫ್ಟಿ ಗ್ಲಾಸು, ವೈಪರು ಎಲ್ಲಾ ಬೇಕು. 1989ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಆದರೆ ಗ್ಲಾಸ್ ಹಾಕಿಸಿಬಿಟ್ಟರೆ ನಂಬರ್ ಪ್ಲೇಟ್ ಸಿಗುತ್ತೆ ಅಂದುಕೊಳ್ಳಬೇಡಿ. ಹೊಸ ಮಾದರಿಯ ಗಾಡಿಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಸಿಗಬೇಕು. ಅದು ಕಂಪನಿಗಳು ಮಾಡುವ ಕೆಲಸ, ಶೆಡ್ಡಿನವನದ್ದಲ್ಲ. ಹಾಗಾಗಿ ನನ್ನ ಗಾಡಿ ರಸ್ತೆಗೆ ಇಳಿಯೋದೇ ಇಲ್ಲ. ಮಾಲೂರು ಕಡೆ ಗೆಳೆಯನ ಚಿಕ್ಕಪ್ಪನದ್ದೊಂದು ಲೇಔಟ್ ಇದೆ. ಗೇಟು, ಟಾರು ರಸ್ತೆ, ಕರೆಂಟ್ ಕಂಬ ಎಲ್ಲಾ ಇವೆ, ಮನೆ ಮಾತ್ರ ಒಂದೂ ಇಲ್ಲ. ಸೈಟುಗಳು ಮಾರಾಟವಾಗಿಲ್ಲ. ಅವರ ದುರದೃಷ್ಟ, ನನ್ನ ಅದೃಷ್ಟ. ಭಾನುವಾರ ಬೆಳಿಗ್ಗೆ ಟೆಂಪೋದಲ್ಲಿ ಗಾಡಿ ಅಲ್ಲಿಗೆ ಹೋಗುತ್ತದೆ, ಹನ್ನೊಂದು ಗಂಟೆಗೆ ವಾಪಸ್.

ಈಗ ಗ್ಲಾಸಿನ ವಿಷಯ. ನಾನು ಗ್ಲಾಸ್ ಹಾಕಿಸದವನಲ್ಲ. ಹಾಕಿಸಿ ತೆಗೆದವನು. ಇದನ್ನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಮೊದಲು ಹಾಕಿಸಿದ್ದು ಹಳೇ ಜೀಪಿನದ್ದರ ಹಾಗೆ ಚಪ್ಪಟೆ ಗ್ಲಾಸು. ಮೊದಲ ಅಂಗಡಿಯವನು ಟಫನ್ಡ್ ಗ್ಲಾಸನ್ನೇ ಅಳತೆಗೆ ಕತ್ತರಿಸಿ ಕೊಡುತ್ತೇನೆ ಅಂದ. ಬೇಡ ಅಂದರೂ ಗೀರು ಹಾಕಿದ. ಇಡೀ ಹಾಳೆ ಕಡಲೆಕಾಳಿನಷ್ಟು ಚೂರಾಗಿ ಅವನ ಕಾಲ ಬುಡಕ್ಕೇ ಸುರಿಯಿತು. ಸೇಫ್ಟಿ ಗ್ಲಾಸಿನಲ್ಲಿ ಕತ್ತರಿಸಲು ಬರೋದು ಲ್ಯಾಮಿನೇಟೆಡ್ ಮಾತ್ರ. ಎರಡು ಗ್ಲಾಸ್ ಹಾಳೆ, ನಡುವೆ ಪ್ಲಾಸ್ಟಿಕ್ ಪೊರೆ. ಒಡೆದರೂ ಚೂರು ಆ ಪೊರೆಗೇ ಅಂಟಿಕೊಂಡಿರುತ್ತದೆ. ಇನ್ನೊಂದು ಅಂಗಡಿಯಲ್ಲಿ ಎರಡೂ ಕಡೆ ಗೀರು ಹಾಕಿ, ಮುರಿದು, ನಡುವಿನ ಪೊರೆಯನ್ನು ಬ್ಲೇಡಿನಲ್ಲಿ ಕುಯ್ದು ಕೊಟ್ಟರು. ಗ್ಲಾಸು, ಫ್ರೇಮು, ವೈಪರ್ ಮೋಟಾರು ಸೇರಿ ಹನ್ನೊಂದು ಕೆಜಿ. ತೂಕ ನನಗೆ ತೊಂದರೆ ಕೊಡಲಿಲ್ಲ. ಕೊಟ್ಟಿದ್ದು ಗಾಳಿ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಿಂದ 80ಕ್ಕೆ ಹೋದರೆ ಎರಡಲ್ಲ, ನಾಲ್ಕು ಪಟ್ಟು. ಅದರೆದುರು ನೆಟ್ಟಗೆ ನಿಂತ ಗ್ಲಾಸು ಅಂದರೆ ಬಾಗಿಲನ್ನು ಅಡ್ಡ ಹಿಡಿದುಕೊಂಡು ಓಡಿದ ಹಾಗೆ. ಓಮ್ನಿ ಇಂಜಿನ್ನಿನ ಪುಟ್ಟ ಶಕ್ತಿಗೆ ಅದು ಭಾರವೇ. ಅದೂ ಇರಲಿ. ಗ್ಲಾಸಿನ ಹಿಂದೆ ಒತ್ತಡ ಕಡಿಮೆಯಾಗಿ ಗಾಳಿ ಹಿಂದಿನಿಂದ ಸುತ್ತಿಕೊಂಡು ಒಳಗೆ ಬರುತ್ತದೆ. ಮುಖಕ್ಕೆ ಏನೂ ಬಡಿಯಲ್ಲ, ಆದರೆ ಕುತ್ತಿಗೆ ಹಿಂದೆ ಯಾರೋ ಟವೆಲ್‌ನಲ್ಲಿ ಹೊಡೀತಾನೇ ಇರ್ತಾರೆ. ಹಿಂದಿನ ಚಕ್ರ ಎಬ್ಬಿಸಿದ ಧೂಳು, ಸೈಲೆನ್ಸರ್ ಹೊಗೆ ಎರಡೂ ಮಡಿಲಿಗೆ. ಟಾಪ್ ಇಲ್ಲದ ಜೀಪಿನಲ್ಲಿ ಹಿಂದಿನ ಸೀಟಲ್ಲಿ ಕೂತು ಹೋದವರಿಗೆ ನಾನು ಹೇಳುತ್ತಿರೋದು ಗೊತ್ತಿರುತ್ತದೆ.

ಸರಿ, ಅರ್ಧ ಎತ್ತರದ್ದು ಹಾಕೋಣ ಅಂತ ಅಕ್ರಿಲಿಕ್ ಶೀಟ್ ತಂದೆ. ಅದು ಇನ್ನೂ ಕೆಟ್ಟದು. ಪೂರ್ತಿ ಗ್ಲಾಸಿದ್ದರೆ ಗಾಳಿ ತಲೆ ಮೇಲೆ ಹೋಗುತ್ತದೆ, ಇಲ್ಲದಿದ್ದರೆ ನೇರವಾಗಿ ಬಡಿಯುತ್ತದೆ. ಅರ್ಧ ಇದ್ದರೆ ಅಂಚಿನಿಂದ ಸಿಡಿದ ಗಾಳಿ ಸರಿಯಾಗಿ ಹಣೆಗೇ ಬಂದು ತಲೆಯನ್ನು ಗಡಗಡ ಅಲ್ಲಾಡಿಸುತ್ತದೆ. ಮೂರು ಸಿಲಿಂಡರ್ ಇಂಜಿನ್ನಿನ ನಡುಕಕ್ಕೆ ಬೋಲ್ಟ್ ತೂತಿನಿಂದ ಬಿರುಕು ಶುರುವಾಗಿ, ಮೂರನೇ ಭಾನುವಾರಕ್ಕೆ ಶೀಟು ಎರಡು ಹೋಳು. ಅಲ್ಲಿಗೆ ಬಿಚ್ಚಿ ಹಾಕಿದವನು ಮತ್ತೆ ಹಾಕಿಲ್ಲ.

ಉತ್ತರ ಇಷ್ಟೇ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹುರುಳಿ ವಿಷಯ ಹೇಳದೆ ಇದ್ದರೆ ಗೆಳೆಯರು ಬಿಡಲ್ಲ. ಅವರೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ಜನವರಿ ತಿಂಗಳು. ಲೇಔಟಿನ ಕೊನೆಯ ರಸ್ತೆ ತಿರುಗುವ ಕಡೆ, ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಕಿತ್ತು ತಂದ ಹುರುಳಿಯನ್ನು ಟಾರಿನ ಮೇಲೆ ಹರಡಿದ್ದರು. ಖಾಲಿ ರಸ್ತೆ, ಒಳ್ಳೆ ಬಿಸಿಲು, ಇದಕ್ಕಿಂತ ಒಳ್ಳೆ ಕಣ ಎಲ್ಲಿ ಸಿಗುತ್ತೆ? ನಾನು 70ರಲ್ಲಿ ಬಂದೆ. ಹೆಲ್ಮೆಟ್ ಇರಲಿಲ್ಲ, ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದೆ. ಹೀರೋ! ಹುರುಳಿ ಕಂಡಿದ್ದೇ ಬ್ರೇಕ್ ಒತ್ತಿದೆ. ಒಣಗಿದ ಕಾಳು ಚಕ್ರದ ಕೆಳಗೆ ಬಾಲ್ ಬೇರಿಂಗ್ ಇದ್ದ ಹಾಗೆ. ಹಿಂದಿನ ಚಕ್ರ ಜಾಮ್ ಆಯಿತು, ಗಾಡಿ ಅರ್ಧ ಸುತ್ತು ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಸುತ್ತ ಹೊಟ್ಟಿನ ಮೋಡ. ಕೂಲಿಂಗ್ ಗ್ಲಾಸಿನ ಪಕ್ಕದಿಂದ ನುಗ್ಗಿದ ಒಂದು ಸಿಪ್ಪೆ ಎಡಗಣ್ಣಿನ ರೆಪ್ಪೆಯೊಳಗೆ ಕೂತಿತ್ತು. ಉಗುರಿನ ಕಾಲು ಭಾಗ ಇರಬಹುದು, ತುದಿ ಚೂಪು. ಕಣ್ಣು ಮಿಟುಕಿಸಿದಾಗೆಲ್ಲ ಗರಗಸ ಎಳೆದ ಹಾಗೆ.

ಅಜ್ಜಿ ಓಡಿ ಬಂದರು. ನನಗೆ ಏನಾಯ್ತು ಅಂತ ನೋಡೋಕಲ್ಲ, ಹುರುಳಿ ನೋಡೋಕೆ. "ಲಾರಿ ಹೋದ್ರೆ ಕಾಳಾದ್ರೂ ಉದುರ್ತದೆ. ನಿಂದು ಹೋದ್ರೆ ಬರೀ ಹೊಟ್ಟು ಹಾರ್ತದೆ" ಅಂದರು. ಆಮೇಲೆ ಗಾಡಿಯ ಕಡೆ ತಿರುಗಿ, "ಇದು ಬ್ರೇಕ್ ಹಾಕಿದ್ರೆ ನಿಲ್ಲಲ್ವೇನಪ್ಪ?" ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ರೆಪ್ಪೆ ಮಗುಚಿ ಸಿಪ್ಪೆ ತೆಗೆಯುತ್ತಾ ಏನು ಕೇಳಿದರು ಹೇಳಿ? "ಮುಂದೆ ಗ್ಲಾಸ್ ಇರ್ಲಿಲ್ವಾ?"

ಇದ್ದಿದ್ದರೆ ಸಿಪ್ಪೆ ಒಳಗೆ ಬರುತ್ತಿರಲಿಲ್ಲ. ಬಹುಶಃ. ಒಪ್ಪಿದೆ. ಹೆಲ್ಮೆಟ್ ಇದ್ದಿದ್ದರೂ ಬರುತ್ತಿರಲಿಲ್ಲ. ಅವತ್ತಿನಿಂದ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇಲ್ಲದೆ ಕೀ ತಿರುಗಿಸಿಲ್ಲ. ಪಕ್ಕದ ಸೀಟಿನವರಿಗೂ ಒಂದಿದೆ. ಅಮ್ಮ ಮಾತ್ರ ಹೂ ಮುಡಿದ ತಲೆಗೆ ಅದನ್ನು ಹಾಕಲ್ಲ ಅಂತಾರೆ. ಹಾಗಾಗಿ ಇವತ್ತಿಗೂ ಕೂತಿಲ್ಲ. ಆ ಒಂದು ಕಾರಣಕ್ಕೆ ಮತ್ತೆ ಗ್ಲಾಸ್ ಹಾಕಿಸಲಾ ಅಂತ ಒಂದೊಂದು ಸಲ ಅನ್ನಿಸುತ್ತದೆ. ಇದನ್ನು ಆ ಮಾವನಿಗೆ ಹೇಳಬೇಡಿ.

ಆದರೆ ಅಜ್ಜಿ ಕೇಳಿದ್ದು ನೋಡಿ. ಎರಡು ವರ್ಷದಲ್ಲಿ ನೂರಾರು ಜನ ಈ ಗಾಡಿ ನೋಡಿದ್ದಾರೆ. ಇಂಜಿನಿಯರಿಂಗ್ ಓದಿದವರೂ ಇದ್ದಾರೆ. ಇದು ನಿಲ್ಲುತ್ತಾ ಅಂತ ಕೇಳಿದ್ದು ಅವರೊಬ್ಬರೇ. ನನಗೂ ಆ ಪ್ರಶ್ನೆ ಸರಿಯಾಗಿ ಹೊಳೆದಿರಲಿಲ್ಲ. ಓಮ್ನಿಯ ಬ್ರೇಕು ಚೆನ್ನಾಗಿದೆ, ಓಮ್ನಿಗಿಂತ ಗಾಡಿ ಹಗುರ, ಇನ್ನೇನು ಅಂತ ಇದ್ದೆ. ಅಲ್ಲೇ ತಪ್ಪಿದ್ದು. ಓಮ್ನಿಯ ಹಿಂದಿನ ಡ್ರಮ್ ಬ್ರೇಕು ಎಂಟು ಜನ ಕೂತ ವ್ಯಾನಿನ ಭಾರ ನಿಲ್ಲಿಸೋಕೆ ಅಂತ ಮಾಡಿದ್ದು. ನನ್ನ ಗಾಡಿಯನ್ನು ಟೆಂಪೋ ಸಮೇತ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಹಿಂದೆ ಮುಂದೆ ಟೊಮೆಟೊ ಲಾರಿಗಳ ಹಾರ್ನ್ ಕೇಳಿಸಿಕೊಳ್ಳುತ್ತಾ ತೂಗಿಸಿದೆ. ಟೆಂಪೋ ತೂಕ ಕಳೆದರೆ 520 ಕೆಜಿ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳ ಮೇಲೆ ಉಳಿಯೋದು ಸ್ವಲ್ಪವೇ. ಅಷ್ಟು ಹಗುರವಾದ ಚಕ್ರವನ್ನು ಅಷ್ಟು ಜೋರಾಗಿ ಹಿಡಿದರೆ ಮುಂದಿನದಕ್ಕಿಂತ ಮೊದಲು ಅದೇ ಜಾಮ್ ಆಗುತ್ತದೆ. ಹಿಂದಿನದು ಮೊದಲು ಜಾಮ್ ಆದರೆ ಗಾಡಿ ತಿರುಗದೆ ಇನ್ನೇನು ಮಾಡುತ್ತದೆ? ಹುರುಳಿ ಇರಲಿಲ್ಲ ಅಂದಿದ್ದರೂ ಒಂದಲ್ಲ ಒಂದು ದಿನ, ಯಾವುದೋ ಕರೆಂಟ್ ಕಂಬದ ಹತ್ತಿರ, ಇದು ಆಗುತ್ತಲೇ ಇತ್ತು.

ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗಕ್ಕೆ ವೀಲ್ ಸಿಲಿಂಡರ್ ಅಂತಾರೆ. ಹಿಂದಿನ ಎರಡೂ ಚಕ್ರಕ್ಕೆ ಸಣ್ಣ ಬೋರಿನದ್ದು, ಅಂದರೆ ಒಳಗಿನ ಅಗಲ ಕಡಿಮೆ ಇರುವುದನ್ನು ಹುಡುಕಿ ಹಾಕಿದೆ. ಬೋರ್ ಸಣ್ಣದಾದರೆ ಅದೇ ಆಯಿಲ್ ಒತ್ತಡಕ್ಕೆ ಬ್ರೇಕ್ ಶೂ ಮೇಲೆ ಬೀಳುವ ಬಲ ಕಡಿಮೆ. ಎರಡು ಭಾನುವಾರ ಬರೀ ಬ್ರೇಕ್ ಹಾಕೋದೇ ಕೆಲಸ. ಗೆಳೆಯ ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾವ ಚಕ್ರ ಮೊದಲು ನಿಲ್ಲುತ್ತೆ ಅಂತ ನೋಡಿ ಕೂಗುತ್ತಿದ್ದ. "ಹಿಂದೆ!" "ಹಿಂದೆ!" ಕೊನೆಗೊಂದು ಸಲ "ಮುಂದೆ!" ಅಂದ. ಈ ಗಾಡಿ ಮೊದಲ ಸಲ ಸ್ಟಾರ್ಟ್ ಆದ ದಿನವೂ ನಾನು ಅಷ್ಟು ಕುಣಿದಿರಲಿಲ್ಲ. ಇದರ ಬಗ್ಗೆ ಕೇಳಿ ಸ್ವಾಮಿ. ಗಂಟೆಗಟ್ಟಲೆ ಹೇಳುತ್ತೇನೆ, ಟೀ ಕೂಡ ನಾನೇ ಕೊಡಿಸುತ್ತೇನೆ.

ಮುಂದಿನ ಸುಗ್ಗಿಗೆ ಅಜ್ಜಿ ಮತ್ತೆ ಅದೇ ಜಾಗದಲ್ಲಿ ಹುರುಳಿ ಹರಡಿದ್ದರು. ಈ ಸಲ ದೂರದಿಂದಲೇ ನೋಡಿದೆ. ಬ್ರೇಕ್ ಹಾಕಿದೆ. ರಾಶಿಗೆ ನಾಲ್ಕು ಮಾರು ಇರುವಾಗಲೇ ಗಾಡಿ ನೆಟ್ಟಗೆ ನಿಂತಿತು. ಅಜ್ಜಿ ಮೊರ ಕೆಳಗಿಟ್ಟು ಗಾಡಿಯನ್ನೊಮ್ಮೆ ನೋಡಿದರು. ನನ್ನ ಹೆಲ್ಮೆಟ್ ನೋಡಿದರು. ಪಕ್ಕದ ಖಾಲಿ ಸೀಟು ನೋಡಿದರು.

"ಇನ್ನೊಬ್ಬರನ್ನ ಕೂರಿಸ್ಕೊಂಡು ಬಾ" ಅಂದರು. "ಮೆಲ್ಲಗೆ ನಾಕು ಸುತ್ತು ಹೊಡಿ ಇದ್ರ ಮೇಲೆ. ನೀನೊಬ್ನೇ ಆದ್ರೆ ಭಾರ ಸಾಲಲ್ಲ."